ತಮ್ಮನಿಗೆ ಗೊತ್ತಿಲ್ಲದ ಜಾಗ

ಗಯಾಬಾಯಿ ಬಾಗಿಲಿನ ತೂತಿಗೆ ಕಣ್ಣು ಹಚ್ಚಿದಳು. ಒಳಗೆ ಹೆಬ್ಬಾವು ನಡುಗುತ್ತಿತ್ತು. ತತ್ತಿಗಳ ಸುತ್ತ ಮೈಯನ್ನು ಸಿಂಬಿಯಂತೆ ಸುತ್ತಿ, ಮೇಲೆ ತಲೆ ಇಟ್ಟು, ಸ್ವಲ್ಪ ಹೊತ್ತಿಗೊಮ್ಮೆ ಮೈ ಬಿಗಿದು ಸಡಿಲಿಸುತ್ತಿತ್ತು. ಹಾಗೆ ನಡುಗಿಯೇ ಅದು ತತ್ತಿಗಳಿಗೆ ಕಾವು ಕೊಡುತ್ತದೆ ಎಂದು ರೇಂಜರ್ ಬಸವಣಪ್ಪ ಹೇಳಿದ್ದರು. ಮುಂಗಾರಿನ ಮೊದಲಿಗೆ ಮಿರಗದ ಮಳೆ ಹಿಡಿದ ವಾರ ತತ್ತಿ ಇಟ್ಟದ್ದು, ಅಂದಿನಿಂದ ಅದು ಏನೂ ತಿಂದಿರಲಿಲ್ಲ. ಮೊದಲು ತೊಡೆಯಷ್ಟು ದಪ್ಪಗಿದ್ದ ಮೈ ಈಗ ಇಳಿದು ಬೆನ್ನಿನ ಗೆರೆ ಎದ್ದು ಕಾಣುತ್ತಿತ್ತು.

"ಹ್ಯಾಂಗದಾಳವಾ ನಿನ್ನ ಬಾಣಂತಿ?" ಹಿಂದಿನಿಂದ ವಜೀರಬಿ ಕೇಳಿದಳು. ನರ್ಸರಿಯಲ್ಲಿ ಸಸಿಗಳಿಗೆ ನೀರು ಹಾಕುವವಳು, ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ನಿಂತಿದ್ದಳು.

"ಸಣ್ಣಗ ಮಾತಾಡು."

"ನನ್ನ ಸೊಸಿ ಹಡದಾಗ ನಾ ಇಷ್ಟು ಕಾಳಜಿ ಮಾಡಿದ್ರ ಆಕಿ ಇವತ್ತಿಗೂ ನನ್ನ ಕಾಲು ಒತ್ತತಿದ್ಲು."

"ನಿನ್ನ ಸೊಸಿಗೆ ನೀ ಇಲಿ ತಿನ್ನಸತಿದ್ದೇನು?"

"ಆಕಿ ನನ್ನೇ ತಿನ್ನಾಕತ್ತಿದ್ಲು, ಇಲಿ ಎದಕ್ಕ?" ಎಂದು ವಜೀರಬಿ ಸದ್ದಿಲ್ಲದೆ ನಕ್ಕು, ನೀರು ಚೆಲ್ಲದಂತೆ ಹೊರಟುಹೋದಳು.

ಹುಮನಾಬಾದಿನ ಹೊರಗೆ, ಹೈದರಾಬಾದಿಗೆ ಹೋಗುವ ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ, ನಿಜಾಮರ ಕಾಲದ ಸುಂಕದ ನಾಕೆಯ ಕಲ್ಲಿನ ಕಟ್ಟಡವೊಂದಿತ್ತು. ಅದರ ಸುತ್ತ ಅರಣ್ಯ ಇಲಾಖೆ ನರ್ಸರಿ ಮಾಡಿತ್ತು. ಎರಡು ವರ್ಷದ ಹಿಂದೆ ಹುಲಸೂರಿನ ಕಡೆ ಬಾವಿಗಾಗಿ ಬಂಡೆ ಸಿಡಿಸಿದಾಗ ಒಂದು ಜೋಡಿ ಹೆಬ್ಬಾವುಗಳ ಗುಹೆ ಒಡೆದುಹೋಯಿತು. ಕಲ್ಲು ಎತ್ತಿ ನಿಂತಿದ್ದ ಜನರ ನಡುವಿನಿಂದ ಬಸವಣಪ್ಪ ಅವನ್ನು ಗೋಣಿಚೀಲದಲ್ಲಿ ತಂದಿದ್ದರು. ಆ ಸೀಮೆಯಲ್ಲಿ ಹೆಬ್ಬಾವು ಕಂಡವರೇ ಕಡಿಮೆಯಾಗಿದ್ದರು. ಚರ್ಮಕ್ಕಾಗಿ ಎಷ್ಟೋ ವರ್ಷ ಕೊಂದಿದ್ದರು, ಕಾಯಿದೆ ಬಂದ ಮೇಲೂ ಕೊಲ್ಲುತ್ತಿದ್ದರು. ಇವುಗಳಿಂದ ಮರಿ ಮಾಡಿಸಿ ಮರಿಗಳನ್ನು ಮತ್ತೆ ಕಾಡಿಗೇ ಬಿಡುವುದು ಬಸವಣಪ್ಪ ಹಿಡಿದ ಹಟ. ಅದಕ್ಕೆ ಅವರದೇ ಕಟ್ಟಳೆಗಳಿದ್ದವು. ಕಾಡಿನಲ್ಲಿರುವುದನ್ನು ಹಿಡಿದು ತರಬಾರದು. ಮರಿಗಳನ್ನು ಯಾರಿಗೂ ಕೊಡಬಾರದು, ಜಾತ್ರೆ ಸರ್ಕಸ್ಸಿಗೆ ತೋರಿಸಬಾರದು, ಹೆಸರಿಟ್ಟು ಕರೆಯಬಾರದು, ಕೈಗೆ ರೂಢಿ ಮಾಡಬಾರದು. ಮನುಷ್ಯನನ್ನು ಕಂಡು ಹೆದರುವ ಹಾವೇ ಬದುಕುವ ಹಾವು ಎನ್ನುತ್ತಿದ್ದರು.

ಹೋದ ವರ್ಷ ಮೊದಲ ಸಲ ತತ್ತಿ ಇಟ್ಟಾಗ, ಇಕ್ಕಟ್ಟಿನ ಕೋಣೆಯಲ್ಲಿ ತಾಯಿಯೇ ಒಡೆದೀತು ಎಂದು ಹೆದರಿ ಅವರು ತತ್ತಿಗಳನ್ನು ಬೇರೆ ತೆಗೆದು ಹಸಿ ಮರಳಿನ ಪೆಟ್ಟಿಗೆಯಲ್ಲಿ ಇರಿಸಿದ್ದರು. ನೋಡಿಕೊಳ್ಳಲು ಗಯಾಬಾಯಿಗೆ ಹೇಳಿದ್ದರು. ಅವಳು ದಿನಾ ಮುಂಜಾನೆ ಒಂದೊಂದೇ ತತ್ತಿಯನ್ನು ಮೆತ್ತಗೆ ಹೊರಳಿಸಿದಳು. ಕೋಳಿ ಕಾವಿಗೆ ಕೂತಾಗ ಚುಂಚಿನಿಂದ ತತ್ತಿ ಹೊರಳಿಸುವುದನ್ನು ಹುಟ್ಟಿದಾಗಿನಿಂದ ನೋಡಿದವಳು. ಹೊರಳಿಸದ ತತ್ತಿ ಎಲ್ಲಿ ಮರಿಯಾಗುತ್ತದೆ? ಹಾಗಾಗಿ ಅವಳು ಕೇಳಲಿಲ್ಲ. ಹಾವಿನ ತತ್ತಿಯನ್ನು ಯಾರಾದರೂ ಹೊರಳಿಸಬಹುದೆಂಬ ಯೋಚನೆಯೇ ಬಾರದೆ ಬಸವಣಪ್ಪ ಹೇಳಲೂ ಇಲ್ಲ. ಒಂದೂ ಮರಿಯಾಗಲಿಲ್ಲ. ಮೇಲಿನ ಮಗ್ಗುಲು ಕೆಳಗಾದರೆ ಒಳಗಿನ ಜೀವ ಮುಳುಗಿ ಸಾಯುತ್ತದೆ ಎಂದು ಆಮೇಲೆ ಬೇರೆ ಊರಿನವರನ್ನು ಕೇಳಿ ತಿಳಿದುಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ಏನೂ ಅನ್ನಲಿಲ್ಲ. ಬೇವಿನ ಗಿಡದ ಬುಡದಲ್ಲಿ ತಗ್ಗು ತೋಡಿ ಹೂಳಿದರು. ಈ ವರ್ಷ ಕೋಣೆ ದೊಡ್ಡದು ಮಾಡಿ, ತತ್ತಿಗಳನ್ನು ತಾಯಿಗೇ ಬಿಟ್ಟು, ಬಾಗಿಲು ಮುಚ್ಚಿದ್ದರು. ನೀರು ಇಡಲು ಗಯಾಬಾಯಿ ಒಬ್ಬಳೇ ಒಳಗೆ ಹೋಗಬೇಕು. ಪದೇ ಪದೇ ಬೆದರಿಸಿದರೆ ತಾಯಿ ತತ್ತಿ ಬಿಟ್ಟು ಏಳಬಹುದು, ಮತ್ತೆ ಕೂರುತ್ತದೆಂಬ ಭರವಸೆ ಇಲ್ಲ.

ನಾಳೆ ನಾಗರ ಪಂಚಮಿ. ನರ್ಸರಿಯ ಹಿಂದಿನ ಓಣಿ ಮುಂಜಾನೆಯಿಂದ ಒಂದೊಂದೇ ಮನೆ ಖಾಲಿಯಾಗುತ್ತಿತ್ತು. ಅಣ್ಣಂದಿರೋ ತಮ್ಮಂದಿರೋ ಬರುವರು, ಚಹಾ ಕುಡಿಯುವರು, ಅಕ್ಕತಂಗಿಯರು ಗಂಟು ಹಿಡಿದು ಅವರ ಹಿಂದೆ ಬಸ್ಸಿಗೆ ಹೊರಡುವರು. ಗಯಾಬಾಯಿ ಈ ದಿನ ಓಣಿಗೆ ಬೆನ್ನು ಹಾಕಿಯೇ ಕೆಲಸ ಮಾಡುತ್ತಿದ್ದಳು. ಅವಳನ್ನು ಕರೆಯಲು ಯಾರೂ ಬಾರದೆ ಹಲವು ಪಂಚಮಿಗಳು ಕಳೆದಿದ್ದವು.

ಅವಳ ತವರು ಬೇಮಳಖೇಡ. ಒಬ್ಬನೇ ತಮ್ಮ, ತುಳಜಾರಾಮ. ಹೊಲದ ಕೆಲಸ ಇಲ್ಲದ ದಿನಗಳಲ್ಲಿ ಅವನು ಹೆಬ್ಬಾವು ಹಿಡಿಯುತ್ತಿದ್ದ. ಹೈದರಾಬಾದಿನ ಸೇಠನೊಬ್ಬನ ಲಾರಿ ರಸ್ತೆಯಲ್ಲಿ ನಿಂತು ಚರ್ಮ ಒಯ್ಯುತ್ತಿತ್ತು. ಗಯಾಬಾಯಿಯ ಗಂಡ ನರ್ಸರಿಯ ಕಾವಲುಗಾರನಾಗಿದ್ದವನು ಸತ್ತು, ಆ ಕೆಲಸ ಅವಳಿಗೆ ಸಿಕ್ಕ ವರ್ಷವೇ ಅರಣ್ಯದವರು ಬೇಮಳಖೇಡಕ್ಕೆ ಹೋಗಿ, ಹಲಗೆಗೆ ಮೊಳೆ ಹೊಡೆದು ಒಣಗಿಸಿದ್ದ ಚರ್ಮಗಳ ಸಮೇತ ತುಳಜಾರಾಮನನ್ನು ಹಿಡಿದರು. ಅವನು ಜೈಲಿನಿಂದ ಬಂದವನೇ ನೇರ ನರ್ಸರಿಗೆ ಬಂದು, ಕೂಲಿಯವರೆಲ್ಲರ ಎದುರು, "ನಾ ಉಣ್ಣೂ ಗಂಗಾಳಕ್ಕ ಮಣ್ಣು ಹಾಕಿದಿ. ಸರ್ಕಾರದ ಉಪ್ಪು ಬಾಯಾಗ ಬಿದ್ದದ್ದೇ ತಡ, ಈ ತಮ್ಮನ್ನ ಮರತಿ," ಎಂದು ಕೂಗಿದ್ದ. "ನಾ ಹೇಳಿಲ್ಲ," ಎಂದು ಗಯಾಬಾಯಿ ಒಂದು ಸಲ ಹೇಳಿದಳು. ನಂಬದವನಿಗೆ ಎರಡನೇ ಸಲ ಹೇಳಲು ಅವಳಿಂದ ಆಗಲಿಲ್ಲ.

ಅವಳು ಹೇಳಿರಲಿಲ್ಲ. ಆದರೆ ಅವನು ಬಚ್ಚಿಟ್ಟ ಒಂದು ಸಂಗತಿ ಅವನಿಗೇ ತಿಳಿಯದಂತೆ ಅವಳಿಗೆ ಗೊತ್ತಾಗಿತ್ತು. ಅವನು ಸಿಕ್ಕಿಬೀಳುವುದಕ್ಕೂ ಮೊದಲು, ಅವ್ವ ತೀರಿಕೊಂಡ ವರ್ಷ, ದಿನಕರ್ಮಕ್ಕೆ ತವರಿಗೆ ಹೋಗಿದ್ದಾಗ, ತಮ್ಮ ಒಬ್ಬನೇ ಅವ್ವನ ಹೊಲದ ಹಿಂದಿನ ಹಳ್ಳದಿಂದ ಚೀಲ ಹೊತ್ತು ಬರುವುದನ್ನು ಅವಳು ಬೇಲಿಯ ಮರೆಯಿಂದ ಕಂಡಳು. ಜೊತೆಗಾರರೊಂದಿಗೆ ಹೋಗುವವನು ಅಂದು ಒಬ್ಬನೇ ಹೋಗಿದ್ದ, ಬಂದು ಕೈ ತೊಳೆದುಕೊಂಡು ಎಲ್ಲಿಗೂ ಹೋಗಿರಲಿಲ್ಲ ಎಂದ. ಮರುದಿನ ಅವಳು ಹುಲ್ಲು ತರುವ ನೆವದಲ್ಲಿ ಹಳ್ಳಕ್ಕೆ ಇಳಿದಳು. ಬಂಡೆಯ ಸಂದಿಯಲ್ಲಿ ತತ್ತಿಗಳಿದ್ದವು, ಒಂದಕ್ಕೊಂದು ಅಂಟಿಕೊಂಡು, ಮೇಲೆ ಇರುವೆ ಮುತ್ತಿ. ಅವಳು ಉಡಿಯಲ್ಲಿ ಮಣ್ಣು ತಂದು ತಂದು ಅವನ್ನು ಮುಚ್ಚಿದಳು. ಯಾರಿಗೂ ಹೇಳಲಿಲ್ಲ. ನರ್ಸರಿಯಲ್ಲಿ ಹಾವಿನ ಕೆಲಸಕ್ಕೆ ಯಾವ ಕೂಲಿಯೂ ಒಪ್ಪದಿದ್ದಾಗ ತಾನೇಕೆ ಮುಂದೆ ಬಂದೆ ಎಂಬುದನ್ನೂ ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗೇಟಿನ ಬಳಿ ವಜೀರಬಿಯ ದನಿ ಕೇಳಿಸಿತು. "ಗಯಕ್ಕಾ, ಯಾರೋ ಬಂದಾರ ನೋಡು. ನಿನ್ನಂಥಾದ್ದೇ ಮೂಗು ಅದ."

ತುಳಜಾರಾಮ ಗೇಟಿನ ಹೊರಗೇ ನಿಂತಿದ್ದ. ಕೂದಲು ಅರ್ಧ ನೆರೆತಿತ್ತು. ಕೈಯಲ್ಲಿ ಬಟ್ಟೆಯ ಚೀಲ.

"ಒಳಗ ಬಾ," ಎಂದಳು ಗಯಾಬಾಯಿ.

"ಸರ್ಕಾರದ ಜಾಗಾ. ಬರಬಹುದೇನು?"

"ಬಾರೋ, ಸಾಕು."

ಅವನು ಪಡಸಾಲೆಯ ಕಲ್ಲಿನ ಮೇಲೆ ಕೂತು ಚೀಲದಿಂದ ಶೇಂಗಾದ ಉಂಡಿ, ಹುರಿದ ಜೋಳದ ಅಳ್ಳು, ಒಂದು ಇಳಕಲ್ ಸೀರೆ ತೆಗೆದು ಇಟ್ಟ. "ನನ್ನ ಮಗಳು, ನಿನ್ನ ಸೊಸಿ, ದಿನಾ ಕೇಳ್ತಾಳ, ಅತ್ತಿ ಎಲ್ಲಿ, ಅತ್ತಿ ಎಲ್ಲಿ ಅಂತ. ಜೋಕಾಲಿ ಕಟ್ಟೀನಿ ಬೇವಿನ ಗಿಡಕ್ಕ. ನಡಿ, ಸಂಜಿ ಬಸ್ಸಿಗೆ ಹೋಗೋಣ."

"ಇಷ್ಟು ವರ್ಷ ಬಿಟ್ಟು?"

"ಆದದ್ದಾತು. ನೀ ಹೇಳಿದ್ದು ಹೇಳಿದಿ, ನಾ ಅಂದದ್ದು ಅಂದೆ. ಇದ್ದಾಕಿ ಒಬ್ಬಾಕಿ ಅಕ್ಕ."

ಅವನು ಇನ್ನೂ ಅದನ್ನೇ ನಂಬಿದ್ದ. ನಂಬಿಯೂ ಬಂದಿದ್ದ. ಇದರಿಂದ ಸಂತೋಷಪಡಬೇಕೋ ನೊಂದುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಸೀರೆಯ ಮಡಿಕೆಯ ಮೇಲೆ ಕೈಯಾಡಿಸಿದಳು. ಸೀರೆ ಗಂಟಿಗೆ ಹಾಕಿ ಅವನ ಹಿಂದೆ ನಡೆದುಬಿಡಬೇಕೆಂದು ಅವಳ ಕಾಲಿಗೆ ಎಷ್ಟು ಆಸೆಯಾಯಿತೆಂದರೆ, ಅವಳು ಕಾಲು ಒತ್ತಿ ಕೂರಬೇಕಾಯಿತು.

"ನನಗ ಬರಾಕ ಆಗೂದಿಲ್ಲ, ತುಳಜ್ಯಾ. ಒಳಗ ಹೆಬ್ಬಾವು ತತ್ತಿ ಮ್ಯಾಲ ಕುಂತದ. ಇವತ್ತೋ ನಾಳಿಗೋ ಇನ್ನ ಎಂಟು ದಿನಕ್ಕೋ ಒಡೀತಾವ. ನೀರಿಡಾಕ ನಾ ಬಿಟ್ರ ಯಾರೂ ಇಲ್ಲ."

"ಹಾವಿಗೆ ಬಾಣಂತನ!" ಎಂದು ನಕ್ಕ ತುಳಜಾರಾಮ ಎದ್ದು, ಅವಳು ತಡೆಯುವ ಮೊದಲೇ ಬಾಗಿಲ ತೂತಿಗೆ ಕಣ್ಣಿಟ್ಟ. ನಗು ನಿಂತಿತು. ಅವನ ಬಲಗೈ ತನ್ನಷ್ಟಕ್ಕೆ ಬಾಗಿಲಿನ ಮೇಲೆ ಗೇಣು ಹಾಕುವುದನ್ನು ಗಯಾಬಾಯಿ ಕಂಡಳು. ಒಂದು ಗೇಣು, ಇನ್ನೊಂದು, ಮತ್ತೊಂದು. ಚರ್ಮ ಅಳೆಯುವ ಕೈ.

"ತುಳಜ್ಯಾ."

ಅವನು ಬೆಂಕಿ ತಗುಲಿದವನಂತೆ ಕೈ ತೆಗೆದ.

ಸಂಜೆ ಬಸವಣಪ್ಪ ಸೈಕಲ್ಲಿನ ಮೇಲೆ ಬಂದರು. ತಾಯಿಯನ್ನು ತೂತಿನಿಂದ ನೋಡಿ, ಪಡಸಾಲೆಯಲ್ಲಿ ಕೂತು ಬೆವರು ಒರೆಸಿಕೊಂಡರು. "ಗಯಾಬಾಯಿ, ಮರಿ ಆದ್ರ ಕಲ್ಯಾಣದ ಕಿಲ್ಲಾದ ಹಿಂದಿನ ಗುಡ್ಡದಾಗ ಬಿಡೂದಂತ ಮಾಡೀನಿ. ನೀರದ, ಬಂಡೆಗಲ್ಲು ಅದಾವ, ಮೊಲ ಇಲಿ ಎಲ್ಲಾ ಅದಾವ."

ಮೂಲೆಯಲ್ಲಿ ಕೂತಿದ್ದ ತುಳಜಾರಾಮ ತಲೆ ಎತ್ತದೆ ಅಂದ, "ಅಲ್ಲಿ ಬಿಟ್ರ ದೀಪಾವಳಿ ತನಾ ಒಂದೂ ಉಳಿಯೂದಿಲ್ಲರಿ."

"ಯಾಕ?"

"ಅಲ್ಲಿ ಹಿಡಿಯವರು ತಿಂಗಳಿಗೊಮ್ಮೆ ಹೋಗ್ತಾರ. ಕಾಯಿದೆ ಬಂದ್ರೂ ಹೋಗ್ತಾರ. ಬೇಕಂದ್ರ ನಾ ತೋರಸ್ತೀನಿ ಛಲೋ ಜಾಗಾ. ಒಂದು ನರಪಿಳ್ಳೆ ಬರದಂಥಾದ್ದು."

ಬಸವಣಪ್ಪ ಅವನ ಮುಖವನ್ನು ಸರಿಯಾಗಿ ನೋಡಿದರು. ಗುರುತು ಸಿಕ್ಕಿತೆಂಬುದು ಗಯಾಬಾಯಿಗೆ ತಿಳಿಯಿತು. ಹೊರಡುವಾಗ ಅವರು ಸೈಕಲ್ ತಳ್ಳುತ್ತ ಅವಳನ್ನು ಗೇಟಿನವರೆಗೆ ಕರೆದರು.

"ನಿಮ್ಮ ತಮ್ಮ ಹೇಳೂದು ಖರೇ ಇರಬಹುದು. ಎಲ್ಲಿ ಉಳೀತಾವ, ಎಲ್ಲಿ ಸಾಯ್ತಾವ ಅನ್ನೂದು ಹಿಡಿಯವರಿಗೆ ತಿಳಿದಷ್ಟು ನನಗ ತಿಳಿದಿಲ್ಲ. ಆದ್ರ ಮರಿ ಎಲ್ಲೆಲ್ಲಿ ಅದಾವ ಅನ್ನೂದೂ ಅವನೊಬ್ಬನಿಗೇ ತಿಳಿದಂಗ ಆಗ್ತದಲ್ರಿ. ಅವನ ಮ್ಯಾಲ ಭರೋಸಾ ಇಡಬಹುದೇನು? ನಾ ಹೇಳಲಾರೆ. ನೀವ ಹೇಳ್ರಿ. ನೀವು ಹೂಂ ಅಂದ್ರ ಅವನು ಹೇಳಿದಲ್ಲೇ ಬಿಡ್ತೀನಿ."

ಗಯಾಬಾಯಿ ಗೇಟು ಹಾಕಿಕೊಂಡು ಬಂದಳು. ಸಂಜೆಯ ಬಸ್ಸು ಹೋಗಿಯಾಗಿತ್ತು. ತಮ್ಮನಿಗೆ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಟ್ಟು, ತನ್ನ ಚಾಪೆಯನ್ನು ಹಾವಿನ ಕೋಣೆಯ ಬಾಗಿಲಿಗೆ ಅಡ್ಡವಾಗಿ ಹಾಸಿದಳು. ತುಳಜಾರಾಮ ಅದನ್ನು ನೋಡಿದ. ನೋಡಿ ಆ ಕಡೆ ಮಗ್ಗುಲಾದ.

ಪಂಚಮಿಯ ಮುಂಜಾನೆ ಮೋಡ ಕವಿದಿತ್ತು. ಅಂದು ಒಲೆಯ ಮೇಲೆ ಹಂಚು ಇಡಬಾರದು, ಏನೂ ಕೊಯ್ಯಬಾರದು, ನೆಲ ಅಗೆಯಬಾರದು. ಗಯಾಬಾಯಿ ಮಿಂದು, ಹಿತ್ತಾಳೆ ಬಟ್ಟಲಲ್ಲಿ ಹಸಿ ಹಾಲು ಹಾಕಿಕೊಂಡು ನರ್ಸರಿಯ ಮೂಲೆಯ ಹುತ್ತದ ಕಡೆ ನಡೆದಳು. ತುಳಜಾರಾಮನೂ ಹಿಂದೆ ಬಂದು ಸ್ವಲ್ಪ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಸಾಹೇಬ್ರು ಕೇಳ್ಯಾರ," ಎಂದಳು, ಹುತ್ತವನ್ನೇ ನೋಡುತ್ತ. "ನಿನ್ನ ನಂಬಬೇಕೋ ಬ್ಯಾಡೋ ಅಂತ. ನಾ ಏನು ಹೇಳಲಿ?"

ಅವನು ಒಂದು ಕಡ್ಡಿ ಮುರಿದ. ಅದನ್ನು ಮತ್ತೆ ಮುರಿದ.

"ನಂಬಬ್ಯಾಡ," ಅಂದ.

ಅವಳು ತಿರುಗಿದಳು.

"ಆ ಸೇಠ ಈಗೂ ಹೇಳಿ ಕಳಸ್ತಾನ. ಹೋದ ಚಳಿಗಾಲದಾಗ ಕೆಲಸಾ ಇರಲಿಲ್ಲ. ಕಲ್ಯಾಣದ ಹಾದಿ ಅರ್ಧ ಹೋಗಿದ್ದೆ. ಕೈಯಾಗ ಗೋಣಿಚೀಲ ಇತ್ತು. ಮಗಳ ಮುಖ ನೆಪ್ಪಾತು, ಜೈಲಿನಾಗಿದ್ದಾಗ ಹುಟ್ಟಿದಾಕಿ, ಮೂರು ತಿಂಗಳು ನಾ ಆಕಿ ಮುಖ ನೋಡಿರಲಿಲ್ಲ. ತಿರುಗಿ ಬಂದೆ. ಮುಂದಿನ ಸಲ ತಿರಗತೀನೋ ಇಲ್ಲೋ ನನಗ ಗೊತ್ತಿಲ್ಲ. ನಿನ್ನೆ ಬಾಗಲದ ಮ್ಯಾಲ ಕೈ ಹ್ಯಾಂಗ ಹೋತು ನೋಡಿದೆಲ್ಲ. ನಾ ಕಳಿಸಿದ್ದಲ್ಲ ಅದು, ತಾನೇ ಹೋತು. ನೀ ಬಾಗಲಕ್ಕ ಅಡ್ಡ ಮಲಗಿದ್ದು ಛಲೋ ಮಾಡಿದಿ."

"ಹಂಗಾದ್ರ ನಿನ್ನೆ ಸಾಹೇಬ್ರಿಗೆ ಯಾಕ ಜಾಗಾ ತೋರಸ್ತೀನಿ ಅಂದಿ?"

"ನಿನ್ನ ಮುಂದ ದೊಡ್ಡವ ಆಗಬೇಕಂತ ಅಂದೆ." ಕಡ್ಡಿಯ ಚೂರುಗಳನ್ನು ಎಸೆದ. "ಒಂದು ಕೆಲಸಾ ಮಾಡು. ನನಗ ಗೊತ್ತಿರೋ ಜಾಗಾ ಎಲ್ಲಾ ಹೇಳ್ತೀನಿ. ನಾವು ಹೋದಲ್ಲೆಲ್ಲಾ. ಅವನ್ನ ಬಿಟ್ಟು ಬ್ಯಾರೆ ಕಡೀಗೆ ಬಿಡ್ರಿ. ಎಲ್ಲಿ ಬಿಟ್ರಿ ಅಂತ ನನಗ ಎಂದೂ ಹೇಳಬ್ಯಾಡ. ನಾ ಕೇಳಿದ್ರೂ ಹೇಳಬ್ಯಾಡ. ಅತ್ತು ಕೇಳಿದ್ರೂ ಹೇಳಬ್ಯಾಡ."

ಅವನು ಹೇಳತೊಡಗಿದ. ಕಿಲ್ಲಾದ ಹಿಂದಿನ ಗುಡ್ಡ. ಹುಲಸೂರಿನಾಚೆ ಗಡಿಯ ಬಂಡೆಸಾಲು. ಚಿಟಗುಪ್ಪದ ಹಾದಿಯ ಹಾಳುಬಾವಿ. ಒಬ್ಬ ಜಾಗೀರದಾರನ ಪಾಳು ತೋಟ. ಪ್ರತಿ ಜಾಗದ ಜೊತೆಗೆ ಅಲ್ಲಿಗೆ ಹೋಗುವ ಹಾದಿ, ಅಲ್ಲಿ ಸಿಕ್ಕದ್ದು, ಈಗ ಅಲ್ಲಿ ಏನೂ ಉಳಿದಿಲ್ಲ ಎಂಬ ಮಾತು. ಹೇಳುತ್ತ ಹೇಳುತ್ತ ಅವನ ದನಿ ಸತ್ತವರ ಹೆಸರು ಹೇಳುವವನ ದನಿಯಂತಾಯಿತು.

ಗಯಾಬಾಯಿ ಕೇಳುತ್ತಲೇ ಒಂದಕ್ಕಾಗಿ ಕಾಯುತ್ತಿದ್ದಳು. ಇವನು ಹೇಳದೆ ಬಿಟ್ಟ ಜಾಗವೇ ಮರಿಗಳನ್ನು ಬಿಡುವ ಜಾಗವಾಗಬಹುದು. ಒಂದನ್ನು ತನಗೆಂದು ಉಳಿಸಿಕೊಂಡರೂ ಈ ಮಾತೆಲ್ಲ ಬಲೆಯೇ. ಉಳಿಸಿಕೊಳ್ಳುವುದಾದರೆ ಯಾವುದನ್ನು ಉಳಿಸಿಕೊಂಡಾನು ಎಂಬುದು ಅವಳಿಗೆ ಗೊತ್ತಿತ್ತು. ಅವ್ವನ ಹೊಲದ ಹಿಂದಿನ ಹಳ್ಳವನ್ನು ಅವನು ಜೊತೆಗಾರರಿಗೂ ಹೇಳಿರಲಿಲ್ಲ.

"ಇಷ್ಟ," ಎಂದ ತುಳಜಾರಾಮ.

"ಇಷ್ಟೇನು?"

"ಇಷ್ಟ."

ಅವಳ ಕೈಯ ಬಟ್ಟಲು ಭಾರವಾಯಿತು. ಹುತ್ತದ ಬಾಯಿಗೆ ಬಾಗಿ ಹಾಲೆರೆಯತೊಡಗಿದಳು. ಪ್ರತಿ ವರ್ಷ ಹೇಳುವಂತೆಯೇ ಹೇಳಿದಳು, "ದೇವರ ಪಾಲು. ಅಪ್ಪನ ಪಾಲು. ಅವ್ವನ ಪಾಲು." ಅವನು ಬಾರದ ವರ್ಷಗಳಲ್ಲೂ ಇದರ ಮುಂದೆ ತಮ್ಮನ ಪಾಲು ಎರೆದಿದ್ದಳು. ಈಗ ಅವನು ಇಲ್ಲೇ ಕೂತಿದ್ದ, ಮತ್ತು ಅವಳಿಗೆ ಆ ಮಾತು ಬಾಯಿಗೆ ಬರಲಿಲ್ಲ. ಹಾಲು ಬಟ್ಟಲಿನ ಅಂಚಿನಲ್ಲಿ ನಿಂತಿತು.

ತುಳಜಾರಾಮ ಅವಳ ಕೈ ನೋಡುತ್ತಿದ್ದ. ಆಮೇಲೆ ಎದ್ದು ನೀರಿನ ತೊಟ್ಟಿಯ ಬಳಿ ಹೋಗಿ ಮುಖಕ್ಕೆ ನೀರು ಹೊಡೆದುಕೊಂಡ. ಬಹಳ ಹೊತ್ತು ಬೆನ್ನು ಹಾಕಿ ನಿಂತ. ತಿರುಗಿ ಬಂದಾಗ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇನ್ನೊಂದದ," ಅಂದ. "ಅವ್ವನ ಹೊಲದ ಹಿಂದಿನ ಹಳ್ಳ. ಅದು ಯಾರಿಗೂ ಗೊತ್ತಿಲ್ಲ. ಸೇಠಗೂ ಹೇಳಿಲ್ಲ."

ಗಯಾಬಾಯಿ ಅಲುಗಲಿಲ್ಲ.

"ಅವ್ವ ತೀರಿದ ವರ್ಷ. ತತ್ತಿ ಮ್ಯಾಲ ಕುಂತಿತ್ತು. ಕುಂತದ್ದು ಓಡೂದಿಲ್ಲ ಅಕ್ಕಾ. ಬ್ಯಾರೆ ದಿನಾ ಆದ್ರ ಸಪ್ಪಳಕ್ಕ ಓಡ್ತದ, ತತ್ತಿ ಮ್ಯಾಲಿದ್ರ ಬೆದರಿದ್ರೂ ಮೊದಲ ಹೊಡೆತಕ್ಕ ಏಳೂದಿಲ್ಲ. ಅದಕ್ಕ ನಾವು ಆಷಾಢದಾಗೇ ಹೋಗ್ತಿದ್ವಿ. ಮನ್ಯಾಗ ಅವ್ವನ ದಿನಕರ್ಮ ಇತ್ತು, ನಾ ಅಲ್ಲಿದ್ದೆ. ನನ್ನ ಕಡೆ ನೋಡಾಕತ್ತಿತ್ತು. ಎರಡನೇ ಹೊಡೆತಕ್ಕೂ ಏಳಲಿಲ್ಲ."

ಹೇಳಿ ಮುಗಿಸಿ ಅವಳ ಮುಖ ನೋಡಿದ. ನೋಡುತ್ತಲೇ ಇದ್ದ. ಚಿಕ್ಕವರಿದ್ದಾಗ ಅವ್ವ ಬೆಲ್ಲ ಮುಚ್ಚಿಟ್ಟ ಗಡಿಗೆ ಯಾವುದೆಂದು ಕೇಳಬೇಕಾಗಿರಲಿಲ್ಲ, ಅಕ್ಕನ ಮುಖ ನೋಡಿದರೆ ಸಾಕಿತ್ತು. ಆ ಮುಖ ಏನನ್ನೂ ಬಚ್ಚಿಡಲು ಕಲಿತಿರಲಿಲ್ಲ.

"ನಿನಗ ಗೊತ್ತಿತ್ತು," ಅಂದ.

"ಮರುದಿನ ಹೋಗಿದ್ದೆ. ತತ್ತಿಗೆ ಇರಬಿ ಹತ್ತಿದ್ದವು. ಮಣ್ಣು ಮುಚ್ಚಿ ಬಂದೆ."

"ಗೊತ್ತಿದ್ದೂ ಹೇಳಲಿಲ್ಲ? ಯಾರಿಗೂ?"

"ಯಾರಿಗೂ."

ಅವನು ನಿಂತಲ್ಲೇ ಕುಸಿದು ಕೂತ. ಅವನ ಲೆಕ್ಕ ಇಷ್ಟು ವರ್ಷ ಎಲ್ಲಿ ತಪ್ಪಿತ್ತೆಂದು ಅವನ ಮುಖದಲ್ಲೇ ಕಾಣುತ್ತಿತ್ತು. "ಹಂಗಾದ್ರ ಅರಣ್ಯದವರಿಗೆ ಹೇಳಿದ್ದು..."

"ನಾ ಅಲ್ಲ ಅಂತ ಆವತ್ತೇ ಹೇಳಿದ್ದೆ."

"ಒಂದೇ ಸಲ ಹೇಳಿದಿ."

"ಎಷ್ಟು ಸಲ ಹೇಳಬೇಕಿತ್ತು?"

ತುಳಜಾರಾಮ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಗಯಾಬಾಯಿ ಅವನನ್ನು ಸಮಾಧಾನ ಮಾಡಲಿಲ್ಲ. ಕೊಂದ ಕೈಯನ್ನು ಅವಳು ಮನ್ನಿಸಿದ್ದಳೋ ಇಲ್ಲವೋ ಅವಳಿಗೇ ತಿಳಿದಿರಲಿಲ್ಲ. ಇರುವೆ ಮುತ್ತಿದ ಆ ತತ್ತಿಗಳು ಕಣ್ಣ ಮುಂದಿನಿಂದ ಹೋಗುವಂಥವಲ್ಲ. ಆದರೆ ಅವನು ಆ ಹಳ್ಳವನ್ನು ಹೇಳಿದ್ದ, ಹೇಳದೆ ಹೋಗಬಹುದಾಗಿದ್ದಾಗ ಹೇಳಿದ್ದ. ಅವಳು ಬಾಗಿ ಉಳಿದ ಹಾಲಲ್ಲಿ ಸ್ವಲ್ಪ ಎರೆದಳು. "ತಮ್ಮನ ಪಾಲು." ಆಮೇಲೆ ಬಟ್ಟಲನ್ನು ಅವನ ಮುಂದೆ ಹಿಡಿದಳು.

"ಗಂಡಸರು ಎರೀತಾರೇನು?"

"ಇದೊಂದು ಪಾಲು ನಿಂದು."

ಅವನು ಬಟ್ಟಲು ತೆಗೆದುಕೊಂಡ. ಯಾರ ಪಾಲು ಎಂದು ಬಾಯಿಬಿಟ್ಟು ಹೇಳಲಿಲ್ಲ. ತಳದ ಹನಿಯವರೆಗೂ ಎರೆದು, ಬರಿದಾದ ಬಟ್ಟಲನ್ನು ಬಹಳ ಹೊತ್ತು ಹಾಗೇ ಬಗ್ಗಿಸಿ ಹಿಡಿದಿದ್ದ.

ಮಧ್ಯಾಹ್ನದ ಬಸ್ಸಿಗೆ ಅವನು ಒಬ್ಬನೇ ಹೋದ. ಸಂಜೆ ಬಸವಣಪ್ಪ ಬಂದಾಗ ಗಯಾಬಾಯಿ ಜಾಗಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ಅವರು ಕೇಳಿದರು, "ಒಂದು ಮುಚ್ಚಿಟ್ಟಿದ್ರ?"

"ಮುಚ್ಚಿಡಬೇಕಿದ್ದದ್ದೇ ಕಡೀಗೆ ಹೇಳ್ಯಾನ್ರಿ."

ಅವರು ಹೂಂಗುಟ್ಟಿ ಸೈಕಲ್ ಹತ್ತಿದರು.

ಪಂಚಮಿ ಕಳೆದ ವಾರದಲ್ಲಿ ತತ್ತಿಗಳು ಒಡೆದವು. ಮೆತ್ತಗಿನ ಸಿಪ್ಪೆಯಲ್ಲಿ ಸೀಳು ಬಿದ್ದು, ಹೆಬ್ಬೆರಳಿನ ಗಾತ್ರದ ತಲೆಗಳು ಹೊರಗೆ ಇಣುಕಿ, ಹೊರಗೆ ಬರಲೋ ಬೇಡವೋ ಎಂಬಂತೆ ಇಡೀ ದಿನ ಹಾಗೇ ನಿಂತವು. ವಜೀರಬಿ ತೂತಿನಿಂದ ನೋಡಿ, "ಅಯ್ ಅಲ್ಲಾ, ಇಷ್ಟೊಂದು ಹೆಸರು ಎಲ್ಲಿಂದ ತರ್ತಿ?" ಎಂದಳು.

"ಹೆಸರಿಡಂಗಿಲ್ಲ."

"ಪಾಪ, ಹೆಸರಿಲ್ಲದ ಮಕ್ಕಳು."

ಮರಿಗಳು ಹೊರಬಿದ್ದ ಮೇಲೆ ತಾಯಿ ಸಿಂಬಿ ಬಿಚ್ಚಿ ಮೂಲೆಗೆ ಹೋಗಿ ಮಲಗಿತು. ಎರಡು ದಿನದ ಮೇಲೆ ಇಟ್ಟ ಇಲಿಯನ್ನು ತಿಂದಿತು. ಗಯಾಬಾಯಿ ಅಂದು ಬಾಗಿಲಿಗೆ ಒರಗಿ ಕೂತು, ಕಾರಣ ತಿಳಿಯದೆ ಅತ್ತಳು.

ಎಲ್ಲವೂ ಉಳಿಯಲಿಲ್ಲ. ಕೆಲವು ಮೊದಲ ಪೊರೆ ಬಿಡುವ ಮೊದಲೇ ಸತ್ತವು, ಚಳಿಗಾಲದಲ್ಲಿ ಇನ್ನೂ ಕೆಲವು. ಮುಂಗುಸಿ, ಹದ್ದು ಸುಲಭಕ್ಕೆ ಎತ್ತದಷ್ಟು ಬಲಿಯುವವರೆಗೆ ಉಳಿದವನ್ನು ಇಟ್ಟುಕೊಂಡು, ಮರುವರ್ಷದ ಮಿರಗ ಹಿಡಿದಾಗ ಬಸ್ಸಿಲ್ಲದ ಒಂದು ಕಡೆಗೆ ಇಲಾಖೆಯ ಜೀಪಿನಲ್ಲಿ ಒಯ್ದರು. ತಾಯಿಯನ್ನೂ ಬೇರೆ ಕೋಣೆಯಲ್ಲಿದ್ದ ಗಂಡು ಹಾವನ್ನೂ ಅಲ್ಲಿಗೇ. ಬಸವಣಪ್ಪ ಮತ್ತು ಗಯಾಬಾಯಿ ಇಬ್ಬರೇ ಹೋದದ್ದು. ತುಳಜಾರಾಮ ಹೇಳಿದ ಯಾವ ಹಾದಿಯೂ ಅಲ್ಲಿಗೆ ಹೋಗುತ್ತಿರಲಿಲ್ಲ. ಚೀಲದ ಬಾಯಿ ಬಿಚ್ಚಿದಾಗ ಒಂದು ಮರಿ ಅವಳ ಕೈ ಕಡೆ ಬಾಯಿ ತೆರೆದು ಎಗರಿತು. ಬಸವಣಪ್ಪ ತೃಪ್ತಿಯಿಂದ ತಲೆಯಾಡಿಸಿದರು. ನಿಮಿಷದಲ್ಲಿ ಬಂಡೆಗಳ ಬಣ್ಣದಲ್ಲಿ ಎಲ್ಲವೂ ಕರಗಿಹೋದವು. ನೋಡಲು ಏನೂ ಉಳಿಯದಿದ್ದರೂ ಅವಳು ಸ್ವಲ್ಪ ಹೊತ್ತು ನಿಂತಿದ್ದಳು.

ಆ ವರ್ಷದ ಪಂಚಮಿಗೆ ತುಳಜಾರಾಮ ಮತ್ತೆ ಬಂದ. ಈ ಸಲ ಅವಳು ಗಂಟು ಕಟ್ಟಿ ಇಳಕಲ್ ಸೀರೆ ಉಟ್ಟು ಸಿದ್ಧಳಾಗಿದ್ದಳು. ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯ ಪಕ್ಕದ ಸೀಟು ಅವಳಿಗೆ ಬಿಟ್ಟು ಕೂತ. ಊರ ಸುದ್ದಿ, ಮಗಳ ಹಟ, ಜೋಕಾಲಿಯ ಹಗ್ಗ ಹರಿದದ್ದು ಎಲ್ಲ ಹೇಳಿದ. ಬಸ್ಸು ಊರು ಬಿಟ್ಟು, ಎರಡೂ ಕಡೆ ಹೆಸರು ತೊಗರಿಯ ಹೊಲಗಳ ಹಿಂದೆ ಕುರುಚಲು ಗುಡ್ಡಗಳು ಕಾಣತೊಡಗಿದವು. ಗಯಾಬಾಯಿಯ ಕಣ್ಣು ತನಗರಿಯದೆ ಗುಡ್ಡಗಳ ಕಡೆ ಹೋಯಿತು.

ತುಳಜಾರಾಮ ಹೆಗಲ ಮೇಲಿನ ಟವೆಲ್ ತೆಗೆದು, ಕೊಡವಿ, ಮುಖದ ತುಂಬ ಹೊದ್ದುಕೊಂಡ.

"ನಿದ್ದಿ ಬಂತೇನು?" ಎಂದಳು.

"ಇಲ್ಲ," ಎಂದ ಟವೆಲ್ಲಿನ ಒಳಗಿನಿಂದ. "ನೀ ಹೊರಗ ನೋಡು. ನಿನ್ನ ಮುಖ ನಾ ನೋಡೂದಿಲ್ಲ. ಊರು ಬಂದಾಗ ಹೇಳು."

ಬಸ್ಸು ಬೇಮಳಖೇಡ ಮುಟ್ಟುವವರೆಗೂ ಅವನು ಅದನ್ನು ತೆಗೆಯಲಿಲ್ಲ.